ಕ್ರಿಸ್ಟಲ್ ಮೆತ್ ಚಟ: ದೇಹ ಮನಸ್ಸಿಗೆ ಏನಾಗುತ್ತದೆ, ನೆರವು ಪಡೆಯುವುದು ಹೇಗೆ?

ಓದುಗರಿಂದ ಬರುವ ಪತ್ರಗಳಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಮನೆಯವರು ಕೇಳುವುದು: "ಇವನು ಐಸ್ (ಕ್ರಿಸ್ಟಲ್ ಮೆತ್) ಸೇದುತ್ತಿದ್ದಾನೆಂದು ಈಗ ಗೊತ್ತಾಗಿದೆ, ಮೊದಲು ಏನು ಮಾಡಬೇಕು?" ಬಳಸುವವರೇ ಕೇಳುವುದು: "ಬಿಟ್ಟು ವಾರವಾಯಿತು, ಯಾವುದರಲ್ಲೂ ರುಚಿಯಿಲ್ಲ, ಇದು ಎಂದಾದರೂ ಸರಿಹೋಗುತ್ತದೆಯೇ?" ಎರಡನೆಯ ಪ್ರಶ್ನೆಗೆ ಉತ್ತರ, ಬಹುಪಾಲು ಜನರ ಮಟ್ಟಿಗೆ, ಹೌದು ಎಂಬುದೇ. ಆದರೆ ಸರಿಹೋಗಲು ಹಿಡಿಯುವ ಕಾಲವನ್ನು ಹೆಚ್ಚಿನವರು ತಪ್ಪಾಗಿ ಅಂದಾಜು ಮಾಡುತ್ತಾರೆ. ಹತ್ತು ದಿನಗಳಲ್ಲಿ ಫಲ ಕಾಣಲಿಲ್ಲವೆಂದು ಕೈಚೆಲ್ಲುವುದರಿಂದಲೇ ಎಷ್ಟೋ ಪ್ರಯತ್ನಗಳು ನಿಂತುಹೋಗುತ್ತವೆ. ಈ ಲೇಖನವನ್ನು ಆ ಕಾಲದ ಲೆಕ್ಕವನ್ನು ಮುಂದಿಟ್ಟುಕೊಂಡೇ ಬರೆಯಲಾಗಿದೆ.

ಮೊದಲು, ಈ ವಸ್ತು ಏನು ಮಾಡುತ್ತದೆ

ಕ್ರಿಸ್ಟಲ್ ಮೆತ್ ಎಂದರೆ ಮೆಥಾಂಫೆಟಮೈನ್ ಎಂಬ ರಾಸಾಯನಿಕದ ಹರಳುರೂಪ. ನೋಡಲು ಗಾಜಿನ ಚೂರಿನಂತೆಯೋ ಕಲ್ಲುಸಕ್ಕರೆಯ ಪುಡಿಯಂತೆಯೋ ಇರುವುದರಿಂದ ಐಸ್, ಗ್ಲಾಸ್, ಕ್ರಿಸ್ಟಲ್ ಎಂಬ ಹೆಸರುಗಳು ಬಳಕೆಯಲ್ಲಿವೆ. ಮೆಥಾಂಫೆಟಮೈನನ್ನು 1893ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ನಗಾಯಿ ನಗಯೋಶಿ ಮೊದಲು ತಯಾರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ನಿದ್ದೆ ತಡೆಯಲು ಇದರ ಮಾತ್ರೆಗಳನ್ನು ಹಂಚಲಾಗಿತ್ತು. ನರಮಂಡಲವನ್ನು ಚುರುಕುಗೊಳಿಸುವ ಉತ್ತೇಜಕಗಳ ಗುಂಪಿಗೆ ಇದು ಸೇರುತ್ತದೆ. ಆದ್ದರಿಂದ ಮದ್ಯ ಅಥವಾ ಅಫೀಮಿನ ಚಟದ ಬಗ್ಗೆ ನಿಮಗೆ ತಿಳಿದಿರುವುದೆಲ್ಲವೂ ಇಲ್ಲಿ ಹಾಗೆಯೇ ಅನ್ವಯಿಸುವುದಿಲ್ಲ.

ಮಿದುಳಿನಲ್ಲಿ ಡೋಪಮೈನ್ ಎಂಬ ಸಂದೇಶವಾಹಕವಿದೆ. ಹಸಿದಾಗ ಉಂಡರೆ, ಮೆಚ್ಚಿನವರನ್ನು ಕಂಡರೆ, ಹಿಡಿದ ಕೆಲಸ ಮುಗಿದರೆ ಆಗುವ ಹಿತದ ಹಿಂದೆ ಇದರ ಪಾತ್ರವಿದೆ. ನರಕೋಶಗಳು ಕೂಡಿಟ್ಟುಕೊಂಡ ಡೋಪಮೈನನ್ನು ಮೆತ್ ಒಮ್ಮೆಲೇ ಹೊರಕ್ಕೆ ಸುರಿಸುತ್ತದೆ, ಹೊರಬಂದದ್ದು ಮರಳಿ ಒಳಸೇರುವುದನ್ನೂ ತಡೆಯುತ್ತದೆ. ಅದು ತೂಬು ಒಡೆದು ಕೆರೆ ಬರಿದಾದಂತೆ. ನೀರು ಧುಮ್ಮಿಕ್ಕುವಾಗಿನ ಅಬ್ಬರದ ನಂತರ ಉಳಿಯುವುದು ಒಣಗಿದ ತಳ. ಸೇದಿದಾಗ ಅಥವಾ ಚುಚ್ಚಿಕೊಂಡಾಗ ಅಮಲು ಕ್ಷಣಗಳಲ್ಲೇ ಏರುತ್ತದೆ, ಮೂಗಿನಿಂದ ಎಳೆದರೆ ಕೆಲವು ನಿಮಿಷ ಬೇಕು, ನುಂಗಿದರೆ ಸುಮಾರು 15ರಿಂದ 20 ನಿಮಿಷ. ದೇಹದಲ್ಲಿರುವ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 10ರಿಂದ 12 ಗಂಟೆ ಹಿಡಿಯುತ್ತದೆ. ಕೊಕೇನಿಗೆ ಇದು ಸುಮಾರು ಒಂದು ಗಂಟೆಯ ಮಾತು. ರಾತ್ರಿಯ ಬಳಕೆ ಮರುದಿನದ ನಿದ್ದೆಯನ್ನೂ ಕಸಿಯುವುದು ಈ ಕಾರಣದಿಂದ.

ಅಮಲಿನಲ್ಲಿರುವಾಗ ಹಸಿವು ಮತ್ತು ನಿದ್ದೆ ದೂರವಾಗುತ್ತವೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ದವಡೆ ಬಿಗಿಯುತ್ತದೆ, ಮಾತು ನಿಲ್ಲುವುದಿಲ್ಲ, ಎದೆಬಡಿತ, ರಕ್ತದೊತ್ತಡ ಮತ್ತು ಮೈಬಿಸಿ ಏರುತ್ತವೆ. ಕೆಲವರು ಯಾವುದೋ ಒಂದು ಕೆಲಸಕ್ಕೆ ಗಂಟೆಗಟ್ಟಲೆ ಅಂಟಿಕೊಳ್ಳುತ್ತಾರೆ: ಮೊಬೈಲನ್ನು ಬಿಚ್ಚಿ, ತಿರುಪುಗಳನ್ನು ಸಾಲಾಗಿ ಜೋಡಿಸಿ, ಮತ್ತೆ ಕೂಡಿಸಿ, ಮತ್ತೆ ಬಿಚ್ಚುತ್ತಾ ಬೆಳಗು ಮಾಡುತ್ತಾರೆ. ಚರ್ಮದಡಿ ಹುಳು ಹರಿದಂತೆನಿಸಿ ಒಂದೇ ಜಾಗವನ್ನು ಕೆರೆದು ಕೆರೆದು ಹುಣ್ಣು ಮಾಡಿಕೊಳ್ಳುವುದೂ ಉಂಟು.

ದೀರ್ಘಕಾಲದ ಹಾನಿಗಳಲ್ಲಿ ಜನ ಹೆಚ್ಚು ಮಾತನಾಡುವುದು ಹಾಳಾದ ಹಲ್ಲುಗಳ ಬಗ್ಗೆ. ಬಾಯಿ ಒಣಗುವುದು, ಹಲ್ಲು ಕಡಿಯುವುದು, ಸಿಹಿ ಪಾನೀಯಗಳ ಸೆಳೆತ ಮತ್ತು ಹಲ್ಲುಜ್ಜದಿರುವುದು ಸೇರಿ ಹಾಗಾಗುತ್ತದೆ. ಆದರೆ ನನ್ನ ಮಟ್ಟಿಗೆ ಹೃದಯವೇ ಹೆಚ್ಚು ಚಿಂತೆಯ ವಿಷಯ, ಏಕೆಂದರೆ ಅದರ ಹಾನಿ ಕನ್ನಡಿಯಲ್ಲಿ ಕಾಣುವುದಿಲ್ಲ. ಹೃದಯದ ಸ್ನಾಯು ಸೊರಗಿ ಹಿಗ್ಗುವುದು, ಬಡಿತದ ಲಯ ತಪ್ಪುವುದು, ಮಿದುಳಿನಲ್ಲಿ ರಕ್ತಸ್ರಾವವಾಗಿ ಪಾರ್ಶ್ವವಾಯು ಹೊಡೆಯುವುದು ಹರೆಯದವರಲ್ಲೂ ಕಂಡುಬರುತ್ತವೆ. ಸಮಾಧಾನದ ಸಂಗತಿಯೆಂದರೆ, ಬಳಕೆ ನಿಲ್ಲಿಸಿ ಚಿಕಿತ್ಸೆ ಪಡೆದರೆ ಸೊರಗಿದ ಹೃದಯಸ್ನಾಯು ಅನೇಕರಲ್ಲಿ ಚೇತರಿಸಿಕೊಳ್ಳುತ್ತದೆ. ಸೂಜಿ ಹಂಚಿಕೊಂಡರೆ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಹರಡುತ್ತವೆ. ಅಮಲಿನಲ್ಲಿ ಕಾಂಡೋಮ್ ಇಲ್ಲದೆ ನಡೆಯುವ ಲೈಂಗಿಕ ಸಂಪರ್ಕದಿಂದಲೂ ಸೋಂಕಿನ ಅಪಾಯ ಹೆಚ್ಚುತ್ತದೆ. ಗರ್ಭಿಣಿಯರಲ್ಲಿ ಅವಧಿಗೆ ಮುನ್ನ ಹೆರಿಗೆ ಮತ್ತು ಮಗುವಿನ ತೂಕ ಕಡಿಮೆಯಾಗುವ ಸಂಭವವಿದೆ. ಬೈಗುಳಕ್ಕೆ ಹೆದರಿ ಗರ್ಭಿಣಿ ವೈದ್ಯರಿಂದ ದೂರವುಳಿದರೆ ಈ ಅಪಾಯಗಳು ಇನ್ನಷ್ಟು ಬೆಳೆಯುತ್ತವೆ.

ಹಂತ 1: ಈಗಲೇ ತುರ್ತು ನೆರವು ಬೇಕೇ ಎಂದು ನೋಡಿ

ಚಟದ ಮಾತುಕತೆಯೆಲ್ಲ ಆಮೇಲಿನದು. ಈ ಕೆಳಗಿನವುಗಳಲ್ಲಿ ಒಂದು ಕಂಡರೂ ನಿಮ್ಮಲ್ಲಿನ ಆಂಬುಲೆನ್ಸ್ ಸಂಖ್ಯೆಗೆ ಕರೆಮಾಡಿ: ಎದೆನೋವು ಅಥವಾ ಉಸಿರಾಟದ ತೊಂದರೆ; ಮುಟ್ಟಿದರೆ ಸುಡುವಷ್ಟು ಮೈಬಿಸಿ; ಫಿಟ್ಸ್; ಬಾಯಿ ಸೊಟ್ಟಗಾಗುವುದು, ಒಂದು ಕೈಕಾಲು ಸೋಲುವುದು, ಮಾತು ತೊದಲುವುದು; ಹಿಂದೆಂದೂ ಬಾರದಂಥ ತಲೆನೋವು; ಎಬ್ಬಿಸಿದರೂ ಏಳದಿರುವುದು; ತಾನು ಸಾಯುತ್ತೇನೆ ಅಥವಾ ಇನ್ನೊಬ್ಬರನ್ನು ಕೊಲ್ಲುತ್ತೇನೆ ಎನ್ನುವುದು.

ನೆರವು ಬರುವವರೆಗೆ ಅವರನ್ನು ತಂಪಾದ, ಗಲಾಟೆಯಿಲ್ಲದ ಜಾಗಕ್ಕೆ ಕರೆದೊಯ್ಯಿರಿ, ಹೆಚ್ಚಿನ ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಹಾಕಿ. ಪ್ರಜ್ಞೆಯಿಲ್ಲದೆ ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಫಿಟ್ಸ್ ಬಂದಾಗ ಬಾಯಿಗೆ ಏನನ್ನೂ ತುರುಕಬೇಡಿ. ಕೆರಳಿದವರನ್ನು ನಾಲ್ಕು ಜನ ಸೇರಿ ಬೋರಲು ಕೆಡವಿ ಬೆನ್ನ ಮೇಲೆ ಕೂರುವುದು ಜೀವಕ್ಕೇ ಮುಳುವಾಗಬಹುದು, ಏಕೆಂದರೆ ಆಗಲೇ ಬಿಸಿಯೇರಿದ ದೇಹ ಮತ್ತು ಓಡುತ್ತಿರುವ ಹೃದಯಕ್ಕೆ ಉಸಿರೂ ಸಿಗದಂತಾಗುತ್ತದೆ. ಶಾಂತಗೊಳಿಸಲೆಂದು ಮನೆಯಲ್ಲಿರುವ ನಿದ್ದೆಮಾತ್ರೆಯನ್ನೋ ಮದ್ಯವನ್ನೋ ಕೊಡುವುದೂ ಅಪಾಯ.

ಮೆತ್ ಎಂದು ಮಾರುವ ಹರಳಿನಲ್ಲಿ ಬೇರೆ ವಸ್ತು ಬೆರೆತಿರುವುದುಂಟು. ಕೆಲವೆಡೆ ಫೆಂಟನಿಲ್ ಎಂಬ ಪ್ರಬಲ ಅಫೀಮು ವರ್ಗದ ರಾಸಾಯನಿಕವೂ ಸಿಕ್ಕಿದೆ. ವ್ಯಕ್ತಿ ಮಂಕಾಗಿ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿದರೆ ಅದನ್ನು ಶಂಕಿಸಬೇಕು. ಅಫೀಮು ವರ್ಗದ ವಸ್ತುಗಳ ಪರಿಣಾಮವನ್ನು ತಾತ್ಕಾಲಿಕವಾಗಿ ತೆಗೆಯುವ ನಲಾಕ್ಸೋನ್ ಕೈಗೆ ಸಿಗುವಂತಿದ್ದರೆ ಕೊಡಬಹುದು. ಬರಿಯ ಮೆತ್ತಿನ ಮೇಲೆ ಅದು ಕೆಲಸ ಮಾಡದು, ಆದರೆ ಕೊಟ್ಟಿದ್ದರಿಂದ ಹಾನಿಯೂ ಇಲ್ಲ. ಏನು ಬಳಸಿದ್ದಾರೆಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ. ತುರ್ತು ಕೊಠಡಿಯಲ್ಲಿ "ಏನೋ ತಿಂದದ್ದು ಆಗಲಿಲ್ಲ" ಎಂಬ ಸುಳ್ಳು ಬೆಲೆಬಾಳುವ ಸಮಯವನ್ನು ನುಂಗುತ್ತದೆ.

ಹಂತ 2: ಬಳಕೆ ಎಲ್ಲಿಗೆ ಮುಟ್ಟಿದೆ ಎಂದು ಅಳೆಯಿರಿ

"ವಾರಾಂತ್ಯಕ್ಕೆ ಮಾತ್ರ" ಎನ್ನುವವರೂ, "ಅವನು ಪೂರ್ತಿ ಮುಳುಗಿಹೋಗಿದ್ದಾನೆ" ಎನ್ನುವ ಮನೆಯವರೂ ತಪ್ಪಿರಬಹುದು. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಮಾನದಂಡದಲ್ಲಿ 11 ಲಕ್ಷಣಗಳಿವೆ. ಅಂದುಕೊಂಡದ್ದಕ್ಕಿಂತ ಹೆಚ್ಚು ಬಳಸುವುದು, ಬಿಡಲು ಯತ್ನಿಸಿ ಸೋಲುವುದು, ಹಪಹಪಿ (ಅಂದರೆ ತಡೆಯಲಾಗದ ಬಯಕೆ), ಕೆಲಸ ಅಥವಾ ಓದು ಕೆಡುವುದು, ಹಾನಿ ಗೊತ್ತಿದ್ದೂ ಮುಂದುವರಿಸುವುದು, ಅದೇ ಅಮಲಿಗೆ ಹೆಚ್ಚು ಪ್ರಮಾಣ ಬೇಕಾಗುವುದು ಅವುಗಳಲ್ಲಿ ಕೆಲವು. ಕಳೆದ 12 ತಿಂಗಳಲ್ಲಿ 2 ಅಥವಾ 3 ಇದ್ದರೆ ಸೌಮ್ಯ, 4 ಅಥವಾ 5 ಇದ್ದರೆ ಮಧ್ಯಮ, 6 ಅಥವಾ ಹೆಚ್ಚಿದ್ದರೆ ತೀವ್ರ ಎಂದು ಗಣಿಸುತ್ತಾರೆ. ಸೌಮ್ಯ ಹಂತದಲ್ಲಿ ನೆರವು ಕೇಳುವುದಕ್ಕೆ ಯಾರೂ ನಗುವುದಿಲ್ಲ; ಎಲ್ಲವನ್ನೂ ಕಳೆದುಕೊಂಡ ಮೇಲೆಯೇ ಬುದ್ಧಿ ಬರುತ್ತದೆ ಎಂದು ಕಾಯುತ್ತಾ ಕೂರುವುದಕ್ಕೆ ವೈದ್ಯಕೀಯ ಆಧಾರವೇ ಇಲ್ಲ.

ಮೂತ್ರಪರೀಕ್ಷೆಯ ಕಿಟ್ ತಂದು ಮನೆಯಲ್ಲೇ ತೀರ್ಪು ಕೊಡಲು ಹೊರಡಬೇಡಿ. ಕೊನೆಯ ಬಳಕೆಯ ನಂತರ ಸಾಮಾನ್ಯವಾಗಿ 2ರಿಂದ 4 ದಿನ ಮಾತ್ರ ಅದು ಪತ್ತೆಹಚ್ಚುತ್ತದೆ. ಕೆಲವು ನೆಗಡಿ ಔಷಧಿಗಳು ಮತ್ತು ಖಿನ್ನತೆಗೆ ಕೊಡುವ ಬುಪ್ರೊಪಿಯಾನ್ ಕೂಡ ಸುಳ್ಳು ಫಲಿತಾಂಶ ತೋರಿಸಬಲ್ಲವು.

ಹಂತ 3: ಮಾತನಾಡುವ ಗಳಿಗೆಯನ್ನು ಆರಿಸಿ

ಮನೆಯವರು ಎಡವುವುದು ಹೆಚ್ಚಾಗಿ ಇಲ್ಲಿ. ಅಮಲಿನಲ್ಲಿರುವವರೊಡನೆ ವಾದಿಸಿದರೆ ಅನುಮಾನ ಮತ್ತು ಸಿಟ್ಟು ಕೆರಳುತ್ತವೆ. ಅಮಲಿಳಿದು ಸತ್ತಂತೆ ಮಲಗಿರುವವರಿಗೆ ಮಾತು ಕಿವಿಗೇ ಬೀಳುವುದಿಲ್ಲ. ಒಂದೆರಡು ದಿನ ನಿದ್ದೆ ಮಾಡಿ, ಎದ್ದು, ಊಟ ಮುಗಿಸಿದ ಹೊತ್ತು ಒಳ್ಳೆಯದು. ಮೂರು ನಾಲ್ಕು ಜನ ಸುತ್ತುವರಿದು ಕೂರಬೇಡಿ, ಅವರು ನಂಬುವ ಒಬ್ಬರು ಸಾಕು. ಕಂಡದ್ದನ್ನು ಹೇಳಿ, ಹಣೆಪಟ್ಟಿ ಹಚ್ಚಬೇಡಿ, ಮತ್ತು ಒಂದೇ ಒಂದು ಸಣ್ಣ ಬೇಡಿಕೆ ಇಡಿ. ಅಕ್ಕ ತಮ್ಮನಿಗೆ ಹೀಗೆ ಹೇಳಬಹುದು: "ಜಗಳಕ್ಕೆ ಬಂದಿಲ್ಲ ಕಣೋ. ಮೂರು ರಾತ್ರಿಯಿಂದ ನೀನು ಮಲಗಿಲ್ಲ, ಕಿಟಕಿಗೆಲ್ಲ ಕಾಗದ ಅಂಟಿಸಿದ್ದೀಯ, ನನಗೆ ಭಯವಾಗ್ತಿದೆ. ನಾಳೆ ಒಂದು ಸಲ ಡಾಕ್ಟರ ಹತ್ತಿರ ಹೋಗಿ ಬರೋಣ, ನಾನೂ ಜೊತೆಗಿರ್ತೀನಿ."

ಒಲ್ಲೆ ಎಂದರೆ ಅಲ್ಲಿಗೇ ಬಿಡಿ, ಮುಂದಿನ ವಾರ ಮತ್ತೆ ಕೇಳಿ. ಈ ನಡುವೆ ನೀವೇ ಆಪ್ತಸಮಾಲೋಚಕರನ್ನು ಕಾಣಬಹುದು. ಕ್ರಾಫ್ಟ್ ಎಂಬ ಕುಟುಂಬ ತರಬೇತಿ ಪದ್ಧತಿಯಲ್ಲಿ, ಬಳಸದ ದಿನಗಳನ್ನು ಗುರುತಿಸಿ ಮೆಚ್ಚುವುದು, ಬಳಸಿದ ದಿನದ ಪರಿಣಾಮಗಳನ್ನು ಮುಚ್ಚಿಹಾಕದಿರುವುದು, ಚಿಕಿತ್ಸೆಯ ಮಾತನ್ನು ಸರಿಯಾದ ಸಮಯಕ್ಕೆ ಎತ್ತುವುದನ್ನು ಮನೆಯವರಿಗೆ ಕಲಿಸುತ್ತಾರೆ. ಬೈದು ಬೆದರಿಸುವುದಕ್ಕಿಂತ ಇದರಿಂದ ಹೆಚ್ಚು ಜನ ಚಿಕಿತ್ಸೆಗೆ ಬರುತ್ತಾರೆಂದು ಅಧ್ಯಯನಗಳು ತೋರಿಸಿವೆ. ಸಾಲ ತೀರಿಸಲು ಹಣ ಕೊಡುವುದು, ಕೆಲಸದ ಕಡೆಗೆ ಸುಳ್ಳು ಹೇಳುವುದು ಪ್ರೀತಿಯಿಂದಲೇ ಆದರೂ ಬಳಕೆಯ ದಾರಿಯನ್ನು ಸುಗಮಗೊಳಿಸುತ್ತವೆ. ಹೊಡೆತ ಬಡಿತದ ಭಯವಿದ್ದರೆ ಮಾತ್ರ ಲೆಕ್ಕ ಬೇರೆ. ಮಕ್ಕಳನ್ನು ಕರೆದುಕೊಂಡು ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ.

ಹಂತ 4: ಮೊದಲ ವೈದ್ಯರ ಭೇಟಿಗೆ ಸಿದ್ಧರಾಗಿ

ಆರಂಭಕ್ಕೆ ವಿಶೇಷ ತಜ್ಞರೇ ಬೇಕೆಂದಿಲ್ಲ. ಪರಿಚಯದ ಸಾಮಾನ್ಯ ವೈದ್ಯರು, ಆಸ್ಪತ್ರೆಯ ಮನೋವೈದ್ಯ ವಿಭಾಗ ಅಥವಾ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿಯಿಂದ ಶುರುಮಾಡಬಹುದು. ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಳ್ಳಿ: ಯಾವ ರೀತಿ ಬಳಸುತ್ತೀರಿ, ವಾರಕ್ಕೆ ಎಷ್ಟು ದಿನ, ಕೊನೆಯ ಬಾರಿ ಯಾವಾಗ, ಜೊತೆಗೆ ಮದ್ಯ ಅಥವಾ ನಿದ್ದೆಮಾತ್ರೆ ಉಂಟೇ, ಬೇರೆ ಯಾವ ಔಷಧಿ ನಡೆಯುತ್ತಿದೆ, ಆತ್ಮಹತ್ಯೆಯ ಯೋಚನೆ ಬಂದಿತ್ತೇ.

ಮದ್ಯ ಮತ್ತು ನಿದ್ದೆಮಾತ್ರೆಯ ಸಾಲನ್ನು ಮರೆಯಬೇಡಿ. ಮೆತ್ ಒಂದನ್ನೇ ಥಟ್ಟನೆ ನಿಲ್ಲಿಸಿದರೆ ಸಾಮಾನ್ಯವಾಗಿ ಫಿಟ್ಸ್ ಬರುವುದಿಲ್ಲ. ಆದರೆ ಅಮಲಿಳಿಸಲು ದಿನವೂ ಕುಡಿಯುತ್ತಿದ್ದವರು ಅಥವಾ ಬೆಂಜೊಡಯಾಜೆಪೈನ್ ಗುಂಪಿನ ನಿದ್ದೆಮಾತ್ರೆ ನುಂಗುತ್ತಿದ್ದವರು ಎಲ್ಲವನ್ನೂ ಒಂದೇ ದಿನ ಬಿಟ್ಟರೆ ಜೀವಾಪಾಯವಾಗಬಹುದು. ಎಚ್‌ಐವಿ ಔಷಧಿಗಳಲ್ಲಿ ಬಳಸುವ ರಿಟೊನಾವಿರ್ ರಕ್ತದಲ್ಲಿ ಮೆತ್ತಿನ ಮಟ್ಟವನ್ನು ಏರಿಸಬಲ್ಲದು, ಎಂಎಒ ಪ್ರತಿಬಂಧಕ ಎಂಬ ಖಿನ್ನತೆಯ ಔಷಧಿಯ ಜೊತೆ ಸೇರಿದರೆ ರಕ್ತದೊತ್ತಡ ಮಿತಿಮೀರಬಹುದು. ಆದ್ದರಿಂದ ಔಷಧಿಗಳ ಪಟ್ಟಿ ಪೂರ್ಣವಾಗಿರಲಿ. ಇಸಿಜಿ, ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆ, ಹಲ್ಲಿನ ತಪಾಸಣೆ ಬೇಕೇ ಎಂದು ನೀವಾಗಿ ಕೇಳಿ. ಗೋಪ್ಯತೆಯ ನಿಯಮ ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ, "ನಾನು ಹೇಳುವುದು ಯಾರಿಗೆಲ್ಲ ತಿಳಿಯುತ್ತದೆ?" ಎಂಬುದನ್ನು ಮಾತು ಶುರುವಾಗುವ ಮೊದಲೇ ಕೇಳಲು ಸಂಕೋಚ ಬೇಡ.

ಹಂತ 5: ಮೊದಲ ಮೂರು ನಾಲ್ಕು ವಾರಗಳನ್ನು ದಾಟಿ

ನಿಲ್ಲಿಸಿದ ಮೊದಲ ಒಂದೆರಡು ದಿನ ದೇಹ ಕುಸಿಯುತ್ತದೆ: ಬಿಡದ ನಿದ್ದೆ, ಎದ್ದರೆ ಮಿತಿಯಿಲ್ಲದ ಹಸಿವು, ಮೈಕೈ ಭಾರ. ಬಿಟ್ಟಾಗ ಕಾಣುವ ಈ ತೊಂದರೆಗಳನ್ನು ಹಿಂತೆಗೆತದ ಲಕ್ಷಣಗಳೆನ್ನುತ್ತಾರೆ. ತೀವ್ರ ಹಂತ ಸುಮಾರು 7ರಿಂದ 10 ದಿನ, ಅದರಾಚೆ ಸೌಮ್ಯರೂಪದಲ್ಲಿ ಇನ್ನೂ ಎರಡು ವಾರ ಅಥವಾ ಹೆಚ್ಚು. ಈ ಅವಧಿಗೆ ಮನೆಯಲ್ಲಿ ಬೇಕಾದದ್ದು ಸರಳ: ಎದ್ದಾಗ ಕೈಗೆಟಕುವಂತೆ ಊಟ ಮತ್ತು ನೀರು, ಕತ್ತಲ ಕೋಣೆ, ಕರೆಗೆ ಸಿಗುವ ಒಬ್ಬರು, ಕೈಯಲ್ಲಿ ಹೆಚ್ಚು ಹಣವಿಲ್ಲದಿರುವುದು, ಮಾರುವವರ ನಂಬರು ಅಳಿಸಿದ ಫೋನು.

ನಿಜವಾದ ಪರೀಕ್ಷೆ ಬರುವುದು ನಿದ್ದೆ ತೀರಿದ ಮೇಲೆ. ದೇಹ ಎದ್ದು ಕೂತಿರುತ್ತದೆ, ಮನಸ್ಸಿಗೆ ಮಾತ್ರ ಯಾವುದೂ ಹಿಡಿಸುವುದಿಲ್ಲ; ಹಾಡು ಸಪ್ಪೆ, ಊಟ ಸಪ್ಪೆ, ಮಕ್ಕಳ ನಗುವೂ ದೂರದ ಸದ್ದು. "ಬಿಟ್ಟ ಮೇಲೆ ಬದುಕೆಂದರೆ ಇಷ್ಟೇ" ಎಂದು ಆಗ ಅನಿಸುತ್ತದೆ, ಮತ್ತು ಅದನ್ನು ನಂಬಿದವರು ಮರಳಿ ಸೇದುತ್ತಾರೆ. ಡೋಪಮೈನ್ ವ್ಯವಸ್ಥೆ ಇನ್ನೂ ಬರಿದಾಗಿರುವುದರಿಂದ ಆಗುವ ಅನುಭವ ಅದು. ಮಿದುಳಿನ ಸ್ಕ್ಯಾನ್ ಅಧ್ಯಯನಗಳು ಹೇಳುವಂತೆ ಡೋಪಮೈನನ್ನು ಮರಳಿ ಒಳಗೆಳೆದುಕೊಳ್ಳುವ ಸಾಗಣೆದಾರ ಪ್ರೋಟೀನುಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ದೂರವಿದ್ದವರಲ್ಲಿ ಗಮನಾರ್ಹವಾಗಿ ಚೇತರಿಸಿಕೊಂಡಿದ್ದವು. ನೆನಪು, ಗಮನ ಇತ್ಯಾದಿ ಅಷ್ಟೇ ವೇಗವಾಗಿ ಮರಳದಿರಬಹುದು. ಆದ್ದರಿಂದ ಹತ್ತನೆಯ ದಿನದ ಮನಸ್ಥಿತಿಯನ್ನು ನೋಡಿ ಬದುಕಿನ ಬಗ್ಗೆ ಯಾವ ದೊಡ್ಡ ತೀರ್ಮಾನವನ್ನೂ ಮಾಡಬೇಡಿ.

ಇದೇ ಅವಧಿಯಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. ಆ ಯೋಚನೆ ಬಂದಿದೆಯೇ ಎಂದು ಮನೆಯವರು ನೇರವಾಗಿ ಕೇಳಬೇಕು. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡದೆ, ಮಾತ್ರೆ ಮತ್ತು ವಿಷವಸ್ತುಗಳನ್ನು ದೂರವಿಟ್ಟು, ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಿರಿ.

ಇನ್ನೊಂದು ವಿಷಯ ಸೈಕೋಸಿಸ್, ಅಂದರೆ ವಾಸ್ತವದ ಹಿಡಿತ ತಪ್ಪುವ ಸ್ಥಿತಿ. ಯಾರೋ ಹಿಂಬಾಲಿಸುತ್ತಿದ್ದಾರೆ, ಗೋಡೆಯಲ್ಲಿ ಕ್ಯಾಮೆರಾ ಇದೆ ಎಂಬ ಗಟ್ಟಿ ನಂಬಿಕೆ, ಇಲ್ಲದ ದನಿಗಳು ಕೇಳಿಸುವುದು ಇದರ ಗುರುತುಗಳು. ಅನೇಕರಲ್ಲಿ ಬಳಕೆ ನಿಂತ ಕೆಲವು ದಿನ ಅಥವಾ ವಾರಗಳಲ್ಲಿ ಇದು ಇಳಿಯುತ್ತದೆ. ಕೆಲವರಲ್ಲಿ ಉಳಿದು ದೀರ್ಘ ಚಿಕಿತ್ಸೆ ಬೇಡುತ್ತದೆ. ಕ್ಯಾಮೆರಾ ಇಲ್ಲವೆಂದು ಸಾಧಿಸಲು ಗೋಡೆ ತಟ್ಟಿ ತೋರಿಸುವುದೂ, ಇದೆ ಎಂದು ಒಪ್ಪಿಕೊಳ್ಳುವುದೂ ಬೇಡ. "ನಿನಗೆ ಎಷ್ಟು ಭಯವಾಗಿದೆ ಎಂದು ಕಾಣುತ್ತಿದೆ, ನಾನು ಇಲ್ಲೇ ಇದ್ದೇನೆ" ಎಂದು ಹೇಳಿ ವೈದ್ಯರನ್ನು ಕರೆಯಿರಿ.

ಹಂತ 6: ಮುಂದಿನ ಚಿಕಿತ್ಸೆ ಆರಿಸಿ

ಅಫೀಮು ವರ್ಗದ ಚಟಕ್ಕೆ ಮೆಥಡೋನ್ ಇರುವಂತೆ ಮೆತ್ ಚಟಕ್ಕೆಂದೇ ಸರ್ವಸಮ್ಮತವಾಗಿ ಬಳಕೆಯಲ್ಲಿರುವ ಔಷಧಿ ಇಲ್ಲ. ಅಫೀಮು ವರ್ಗದ ವಸ್ತುಗಳ ಪರಿಣಾಮವನ್ನು ತಡೆಯುವ ನಾಲ್ಟ್ರೆಕ್ಸೋನ್ ಚುಚ್ಚುಮದ್ದನ್ನು ಮೂರು ವಾರಕ್ಕೊಮ್ಮೆ ಮತ್ತು ದಿನವೂ ಬುಪ್ರೊಪಿಯಾನ್ ಮಾತ್ರೆ ಕೊಟ್ಟ, 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 13.6 ಶೇಕಡಾ ಜನರಲ್ಲಿ ಗುರಿಯಿಟ್ಟಷ್ಟು ಫಲ ಕಂಡಿತು. ಹುಸಿಔಷಧ ಪಡೆದವರಲ್ಲಿ ಅದು 2.5 ಶೇಕಡಾ. ಲಾಭ ನಿಜ, ಆದರೆ ಸಣ್ಣದು. ಅಫೀಮು ವರ್ಗದ ವಸ್ತುಗಳನ್ನೂ ಬಳಸುವವರಿಗೆ ನಾಲ್ಟ್ರೆಕ್ಸೋನ್ ಕೊಡುವಂತಿಲ್ಲವಾದ್ದರಿಂದ ಇದನ್ನು ತಜ್ಞರೇ ನಿರ್ಧರಿಸಬೇಕು.

ಇಂದು ಹೆಚ್ಚು ಪುರಾವೆಯಿರುವುದು ಕಂಟಿಂಜೆನ್ಸಿ ಮ್ಯಾನೇಜ್‌ಮೆಂಟ್ ಎಂಬ ಬಹುಮಾನ ಪದ್ಧತಿಗೆ. ವಾರಕ್ಕೆ ಎರಡು ಮೂರು ಬಾರಿ ಮೂತ್ರಪರೀಕ್ಷೆ ನಡೆಯುತ್ತದೆ, ಮೆತ್ ಕಾಣದಿದ್ದರೆ ಸಣ್ಣ ಬಹುಮಾನ ಸಿಗುತ್ತದೆ, ಸತತವಾಗಿ ದೂರವಿದ್ದಂತೆ ಅದರ ಬೆಲೆ ಏರುತ್ತದೆ, ತಪ್ಪಿದರೆ ಮೊದಲಿನ ಮಟ್ಟಕ್ಕಿಳಿಯುತ್ತದೆ. "ಚಟ ಬಿಡಲು ಲಂಚವೇ?" ಎಂದು ಹುಬ್ಬೇರಿಸುವವರಿದ್ದಾರೆ, ದೂರದ ಲಾಭಕ್ಕೆ ಸ್ಪಂದಿಸಲಾರದಷ್ಟು ಬಳಲಿದ ಮಿದುಳಿಗೆ ಹತ್ತಿರದ ಲಾಭ ತೋರಿಸುವ ಈ ಉಪಾಯವನ್ನು ನಾನಂತೂ ಗೌರವದಿಂದಲೇ ನೋಡುತ್ತೇನೆ. ಇದರ ಜೊತೆಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆಯಲ್ಲಿ ಹಪಹಪಿ ಎಬ್ಬಿಸುವ ಜಾಗ, ಜನ, ಸಂಬಳದ ದಿನ, ಜಗಳ ಇವನ್ನು ಗುರುತಿಸಿ ಮುಂಚಿತವಾಗಿ ದಾರಿ ಯೋಜಿಸುತ್ತಾರೆ. ಮ್ಯಾಟ್ರಿಕ್ಸ್ ಮಾದರಿ ಎಂಬ 16 ವಾರಗಳ ಹೊರರೋಗಿ ಕಾರ್ಯಕ್ರಮ ಇವುಗಳನ್ನು ಗುಂಪು ಮತ್ತು ಕುಟುಂಬ ಸಭೆಗಳೊಡನೆ ಬೆಸೆಯುತ್ತದೆ. ಒಳರೋಗಿಯಾಗಿ ಸೇರುವುದು ಎಲ್ಲರಿಗೂ ಬೇಕಿಲ್ಲ. ಸೈಕೋಸಿಸ್, ಆತ್ಮಹತ್ಯೆಯ ಅಪಾಯ, ಮನೆಯಲ್ಲೇ ಬಳಸುವವರು ಇರುವುದು ಇಂಥ ಸಂದರ್ಭಗಳಲ್ಲಿ ಅದು ಸೂಕ್ತ.

ಕೇಂದ್ರ ಆರಿಸುವಾಗ ಹಣ ಕಟ್ಟುವ ಮೊದಲು ಪರವಾನಗಿ ಕೇಳಿ, ವೈದ್ಯರು ಯಾರು, ಎಷ್ಟು ಬಾರಿ ಬರುತ್ತಾರೆ ಎಂದು ಕೇಳಿ, ಒಳಗೆ ಹೋಗಿ ನೋಡಿ. ನೂರಕ್ಕೆ ನೂರು ಗುಣ ಎಂಬ ಭರವಸೆ, ಮನೆಯವರ ಭೇಟಿಗೆ ತಿಂಗಳುಗಟ್ಟಲೆ ನಿಷೇಧ, ಹೊಡೆತ ಅಥವಾ ಕಟ್ಟಿಹಾಕುವಿಕೆ, ಹೆಸರು ಹೇಳದ ಪುಡಿ ಅಥವಾ ಚುಚ್ಚುಮದ್ದು, ಇವುಗಳಲ್ಲಿ ಒಂದು ಕಂಡರೂ ಹಿಂತಿರುಗಿ. ಅವರಿಗೆ ತಿಳಿಯದಂತೆ ಊಟದಲ್ಲಿ ಔಷಧಿ ಬೆರೆಸುವ ಸಲಹೆಯನ್ನು ಒಪ್ಪಬೇಡಿ. ಅನುಮಾನವೇ ರೋಗಲಕ್ಷಣವಾಗಿರುವಾಗ ಆ ಗುಟ್ಟು ಬಯಲಾದರೆ ನಂಬಿಕೆ ಮತ್ತೆ ಕೂಡುವುದು ಕಷ್ಟ.

ಹಂತ 7: ಮತ್ತೆ ಬಳಸಿದರೆ, ಅಥವಾ ಇನ್ನೂ ಬಿಡಲಾಗದಿದ್ದರೆ

ಮರುಕಳಿಕೆ ಸಾಮಾನ್ಯ. ಒಂದು ಬಾರಿ ಜಾರಿದ ಮೇಲೆ "ಇನ್ನೇನು, ಎಲ್ಲ ಹೋಯಿತು" ಎಂದು ಮುಂದಿನ ಮೂರು ದಿನ ಸೇದುವುದೇ ದೊಡ್ಡ ಹಾನಿ. ಜಾರಿದ ಮರುದಿನ ಸಮಾಲೋಚಕರಿಗೆ ಕರೆಮಾಡಿ, ನಿಗದಿಯಾದ ಭೇಟಿಯನ್ನು ತಪ್ಪಿಸಬೇಡಿ, ಜಾರುವ ಮುಂಚಿನ ಕೆಲವು ಗಂಟೆಗಳಲ್ಲಿ ನಡೆದದ್ದನ್ನು ಬರೆದಿಡಿ. ಮುಂದಿನ ಯೋಜನೆಗೆ ಅದೇ ಕಚ್ಚಾಸಾಮಗ್ರಿ. ಬಿಟ್ಟ ಕಾಲದಲ್ಲಿ ದೇಹದ ಸಹಿಷ್ಣುತೆ ಇಳಿದಿರುವುದರಿಂದ ಹಳೆಯ ಪ್ರಮಾಣ ಈಗ ಅಪಾಯಕಾರಿ ಎಂಬುದೂ ನೆನಪಿರಲಿ.

ಬಿಡಲು ಇನ್ನೂ ಸಿದ್ಧರಿಲ್ಲದವರೂ ವೈದ್ಯರನ್ನು ಕಾಣಬಹುದು. ಸೂಜಿ, ಕೊಳವೆ ಹಂಚಿಕೊಳ್ಳಬೇಡಿ; ಸೂಜಿ ವಿನಿಮಯ ಸೇವೆ ಇದ್ದರೆ ಬಳಸಿ. ಒಬ್ಬರೇ ಇರುವಾಗ ಬಳಸಬೇಡಿ, ಮದ್ಯ ಅಥವಾ ಬೇರೆ ಅಮಲುಪದಾರ್ಥ ಬೆರೆಸಬೇಡಿ, ವಾಹನ ಮುಟ್ಟಬೇಡಿ. ಹಸಿವಿಲ್ಲದಿದ್ದರೂ ಹೊತ್ತಿಗೆ ಉಣ್ಣಿ, ನೀರು ಕುಡಿಯಿರಿ, ಹಲ್ಲುಜ್ಜಿ, ಕಾಂಡೋಮ್ ಬಳಸಿ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಎರಡನೆಯ ರಾತ್ರಿಯೂ ನಿದ್ದೆಯಿಲ್ಲದೆ ಕಳೆಯುವಂತಾದರೆ ಅಲ್ಲಿಗೆ ನಿಲ್ಲಿಸಿ, ಏಕೆಂದರೆ ನಿದ್ದೆಗೇಡು ಬೆಳೆದಷ್ಟೂ ಸೈಕೋಸಿಸ್ ಹತ್ತಿರವಾಗುತ್ತದೆ. ಎದೆನೋವು ಬಂದ ದಿನ ಮಾತ್ರ ಯಾವ ಮುಜುಗರವನ್ನೂ ಲೆಕ್ಕಿಸದೆ ಆಸ್ಪತ್ರೆಗೆ ಹೋಗಿ, ಬಳಸಿದ್ದನ್ನು ಮೊದಲ ವಾಕ್ಯದಲ್ಲೇ ಹೇಳಿ.